ಮೊದಲು ಉಳು, ಆಮೇಲೆ ಬಾ

ದುಡಿದವನಿಗೆ ಕೂಲಿ ಕೊಡುವುದು ಎಲ್ಲಾ ಕಡೆ ಇರುವುದೇ. ಉಳದೆ ಕೂತವನಿಗೆ ಕೂಲಿ ಕೊಡಬೇಕಾದರೆ ಅಮೆರಿಕದಷ್ಟು ದೊಡ್ಡ ಖಜಾನೆಯೇ ಬೇಕು. ಅಲ್ಲಿ 1985ರ ಕಾನೂನಿನಿಂದ ಹುಟ್ಟಿದ ಒಂದು ಯೋಜನೆ ಇದೆ, ಕನ್ಸರ್ವೇಶನ್ ರಿಸರ್ವ್ ಪ್ರೋಗ್ರಾಂ. ರೈತರ ಬಾಯಲ್ಲಿ ಸಿಆರ್‌ಪಿ. ಮಣ್ಣು ಕೊಚ್ಚಿಹೋಗುವ ಜಮೀನನ್ನು ಉಳದೆ ಹುಲ್ಲಿಗೆ ಬಿಟ್ಟರೆ ಸರ್ಕಾರ 10ರಿಂದ 15 ವರ್ಷ ಎಕರೆ ಲೆಕ್ಕದಲ್ಲಿ ಬಾಡಿಗೆ ಕೊಡುತ್ತದೆ. ಸುಳ್ಳು ಹೇಳಬಾರದು, ಇದರಿಂದ ಮಣ್ಣು ಉಳಿದಿದೆ, ಹಕ್ಕಿಗಳಿಗೆ ಗೂಡು ಕಟ್ಟಲು ಜಾಗ ಸಿಕ್ಕಿದೆ.

ತಮಾಷೆ ಇರುವುದು ಒಳಗೆ ಬಿಡುವ ಬಾಗಿಲಲ್ಲಿ.

ಅಯೋವಾ ರಾಜ್ಯದ ಪಶ್ಚಿಮದ ಒಂದು ಕೌಂಟಿ. ಅಲ್ಲಿ ಗಾಳಿ ತಂದು ಸುರಿದ ಮೆದು ಮಣ್ಣಿನ ಗುಡ್ಡಗಳಿವೆ. ಅಕ್ಕಪಕ್ಕದಲ್ಲಿ ಇಬ್ಬರು ರೈತರು ಇದ್ದಾರೆ ಅಂತ ಇಟ್ಟುಕೊಳ್ಳಿ. ಒಬ್ಬನ ಅಜ್ಜ 'ಈ ಗುಡ್ಡ ಉತ್ತರೆ ಮಣ್ಣೆಲ್ಲ ಮಿಸೌರಿ ನದಿಯ ಪಾಲು' ಎಂದು ನೇಗಿಲು ಹತ್ತಿಸಲೇ ಇಲ್ಲ. ಮೊಮ್ಮಗನೂ ಹತ್ತಿಸಲಿಲ್ಲ. ಪಕ್ಕದವನು ನೆತ್ತಿಯವರೆಗೂ ಉತ್ತು ಮೆಕ್ಕೆಜೋಳ ಹಾಕಿದ. ಮಳೆ ಬಂತು, ಕೊರಕಲು ಬಿತ್ತು. ಈಗ ಇಬ್ಬರೂ ಕಚೇರಿಗೆ ಬಂದಿದ್ದಾರೆ.

ಕೊರಕಲಿನವನ ಅರ್ಜಿ ಸಲೀಸಾಗಿ ಒಳಗೆ ಹೋಯಿತು. ಮೊಮ್ಮಗನ ಸರದಿ ಬಂತು.

"ನಿಮ್ಮ ಜಮೀನಿನ ಬೆಳೆ ಇತಿಹಾಸ ಎಲ್ಲಿ ಸ್ವಾಮಿ?"

"ಬೆಳೆನೇ ಹಾಕಿಲ್ಲ. ನೂರು ವರ್ಷದಿಂದ ಹುಲ್ಲು ಕಾಪಾಡಿದ್ದೇವೆ."

"ಅಯ್ಯೋ, ಹಾಗಾದರೆ ಆಗಲ್ಲ. ಆರು ವರ್ಷದಲ್ಲಿ ನಾಲ್ಕು ವರ್ಷವಾದರೂ ಬೆಳೆ ಇಟ್ಟಿರಬೇಕು."

ಅಂದರೆ ಪ್ರಾಯಶ್ಚಿತ್ತಕ್ಕೆ ಸರ್ಕಾರ ದಕ್ಷಿಣೆ ಕೊಡುತ್ತದೆ, ಆದರೆ ಪಾಪದ ರಸೀದಿ ತರಬೇಕು. ಹುಲ್ಲುಗಾವಲಿಗೂ ಒಂದು ಕವಲು ಯೋಜನೆ ಆಮೇಲೆ ಬಂತು ಅನ್ನಿ. ಅದರ ಬಾಡಿಗೆ ಮೇವಿನ ಬೆಲೆಯ ಲೆಕ್ಕದಲ್ಲಿ. ಕೊರಕಲಿನವನ ಬಾಡಿಗೆಯ ಮುಂದೆ ಅದು ಚಿಲ್ಲರೆ.

ಪಾಪ, ಕೊರಕಲಿನವನನ್ನು ಮಾತ್ರ ಬೈದರೆ ಅನ್ಯಾಯ. ನೆತ್ತಿಯವರೆಗೂ ಉಳಲು ಹೇಳಿದ್ದು ಯಾರು? 1970ರ ದಶಕದಲ್ಲಿ ಕೃಷಿ ಮಂತ್ರಿ ಅರ್ಲ್ ಬಟ್ಜ್ ಬೇಲಿಯಿಂದ ಬೇಲಿಯವರೆಗೆ ಬಿತ್ತಿ ಅಂದರು. ಬಿತ್ತಿದರು. 1985ರಲ್ಲಿ ಸರ್ಕಾರ 'ಅಷ್ಟು ಬೇಡ, ಬಿಡಿ, ದುಡ್ಡು ಕೊಡ್ತೀವಿ' ಅಂತು. ಬಿಟ್ಟರು. 2007ರ ಹೊತ್ತಿಗೆ 3 ಕೋಟಿ 60 ಲಕ್ಷ ಎಕರೆಗೂ ಜಾಸ್ತಿ ಹುಲ್ಲು. ಅದೇ ವರ್ಷ ಇನ್ನೊಂದು ಕಾನೂನು ಬಂದು, ಪೆಟ್ರೋಲಿಗೆ ಎಥನಾಲ್ ಇನ್ನೂ ಜಾಸ್ತಿ ಬೆರೆಸಬೇಕು ಅಂತು. ಅಲ್ಲಿ ಎಥನಾಲ್ ತೆಗೆಯುವುದು ಹೆಚ್ಚಾಗಿ ಮೆಕ್ಕೆಜೋಳದಿಂದ. ಮೆಕ್ಕೆಜೋಳದ ಬೆಲೆ ಏರಿತು, ಒಪ್ಪಂದ ಮುಗಿದ ಹುಲ್ಲಿನ ಮೇಲೆ ಟ್ರಾಕ್ಟರ್ ಹತ್ತಿತು. 2014ರ ಕಾನೂನು ಯೋಜನೆಯ ಮಿತಿಯನ್ನು 2 ಕೋಟಿ 40 ಲಕ್ಷ ಎಕರೆಗೆ ಇಳಿಸಿತು. 2018ರದು ಮತ್ತೆ 2 ಕೋಟಿ 70 ಲಕ್ಷಕ್ಕೆ ಏರಿಸಿತು. ಒಂದು ಕೈ ಉಳಲು ದುಡ್ಡು ಕೊಡುತ್ತದೆ, ಇನ್ನೊಂದು ಉಳದಿರಲು. ಎರಡೂ ಕೈ ಒಂದೇ ಜೇಬಿಗೆ ಹೋಗುತ್ತವೆ. ಜೇಬು ತೆರಿಗೆ ಕಟ್ಟುವವನದು, ಅಲ್ವಾ?

ಮೊಮ್ಮಗ ಎದ್ದು ನಿಂತ. "ಆಯ್ತು, ನಾಳೆಯಿಂದಲೇ ಉಳ್ತೀನಿ. ನಾಲ್ಕು ವರ್ಷ ಬಿಟ್ಟು ಬರ್ತೀನಿ."

ಗುಮಾಸ್ತ ಕನ್ನಡಕ ಸರಿ ಮಾಡಿಕೊಂಡ. "ತಡವಾಯ್ತು ಸ್ವಾಮಿ. 2018ರ ಕಾನೂನಿನ ಪ್ರಕಾರ ಆ ಆರು ವರ್ಷ ಅಂದರೆ 2012ರಿಂದ 2017. ಆಗಲೇ ಉತ್ತು ಹಾಳು ಮಾಡಿರಬೇಕಿತ್ತು."