ಚಳಿಗಿಂತ ಕನಿಕರವೇ ಜಾಸ್ತಿ

ಬೋನ್ಸಾಯ್, ಅಂದರೆ ಕುಂಡದಲ್ಲೇ ಕುಳ್ಳಗೆ ಬೆಳೆಸುವ ಮರ ಸಾಕುವವರಿಗೆ ಚಳಿಗಾಲದಲ್ಲಿ ಎರಡು ಕಾಟ. ಒಂದು ಚಳಿ, ಇನ್ನೊಂದು ಮನೆಯವರ ಕನಿಕರ. ಚಳಿಯ ಜೊತೆ ಹೇಗಾದರೂ ಏಗಬಹುದು.

ಹೊರಗೆ ಸೊನ್ನೆ ಡಿಗ್ರಿ ಆಯಿತೋ ಇಲ್ಲವೋ, ಅಮ್ಮ ಶುರು ಮಾಡುತ್ತಾಳೆ. "ನಾವೆಲ್ಲ ಒಳಗೆ ಬೆಚ್ಚಗೆ ಕೂತಿದ್ದೀವಿ. ಅದು ನೋಡು, ಹೊರಗೆ ಹೇಗೆ ನಡುಗ್ತಿದೆ!" ಅದು ನಡುಗುತ್ತಿಲ್ಲಮ್ಮ, ಗಾಳಿಗೆ ಅಲ್ಲಾಡುತ್ತಿದೆ ಅಂದರೆ ಕೇಳುವುದಿಲ್ಲ. ಅದು ಜುನಿಪರ್, ಅದಕ್ಕೆ ಚಳಿ ಬೇಕು ಅಂದರೆ, "ನೀನೂ ಚಿಕ್ಕವನಿದ್ದಾಗ ಸ್ವೆಟರ್ ಬೇಡ ಅಂತಲೇ ಓಡ್ತಿದ್ದೆ. ರಾತ್ರಿಯೆಲ್ಲ ಕೆಮ್ಮಿದ್ದು ಯಾರು?" ಇದಕ್ಕೆ ಸಸ್ಯಶಾಸ್ತ್ರದಲ್ಲಿ ಉತ್ತರ ಇಲ್ಲ.

ಜುನಿಪರ್, ಮೇಪಲ್, ಪೈನ್ ಇವೆಲ್ಲ ಚಳಿಗಾಲದಲ್ಲಿ ನಿದ್ದೆ ಮಾಡಲೇಬೇಕಾದ ಮರಗಳು. ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ ವಾರಗಟ್ಟಲೆ ಸಿಕ್ಕರೇನೇ ಆ ನಿದ್ದೆ ಪೂರ್ತಿ ಆಗುವುದು. ಹೀಟರ್ ಪಕ್ಕ ಇಟ್ಟು ಮುದ್ದು ಮಾಡಿದರೆ ನಿದ್ದೆಗೆಟ್ಟು ಸೊರಗುತ್ತವೆ. ಇಷ್ಟನ್ನು ಹೇಳಿ ಗೆದ್ದುಬಿಡಬಹುದಿತ್ತು. ಆದರೆ ನಮ್ಮ ಹಾಲ್‌ನಲ್ಲೇ ಒಂದು ಫೈಕಸ್ ಇದೆ. ಅದು ಬಿಸಿಲು ನಾಡಿನದು, 10 ಡಿಗ್ರಿಗಿಂತ ಕೆಳಗೆ ಹೋದರೆ ಎಲೆ ಉದುರಿಸಿಕೊಂಡು ಕೂರುತ್ತದೆ. ಹಾಗಾಗಿ ಒಳಗೆ. ಅಮ್ಮನ ಪ್ರಕಾರ ಇದು ಪಕ್ಷಪಾತ. "ಒಬ್ಬನಿಗೆ ಹಾಲ್, ಇನ್ನೊಬ್ಬನಿಗೆ ಅಂಗಳ. ಹೀಗೆ ಯಾರಾದರೂ ಬೆಳೆಸ್ತಾರಾ?"

ಕೊನೆಗೆ ನಾನಿಲ್ಲದ ಹೊತ್ತು ನೋಡಿ ಒಂದು ಜುನಿಪರ್ ಒಳಗೆ ಬಂತು. ಸಂಜೆ ಮನೆಗೆ ಬಂದರೆ ಅದು ಹೀಟರ್ ಮುಂದೆ ಕೂತಿದೆ, ಮೈ ಮೇಲೆ ಅಮ್ಮನ ಹಳೇ ಶಾಲು. ತಕ್ಷಣ ಹೊರಗಿಡೋಣ ಅಂದರೆ, ಬೆಚ್ಚಗಿದ್ದದ್ದನ್ನು ಏಕಾಏಕಿ ಹಿಮಕ್ಕೆ ದಬ್ಬುವುದೂ ಅಪಾಯ. ಚಳಿಗಾಲ ಮುಗಿಯುವವರೆಗೂ ಅದು ನಮ್ಮ ಜೊತೆ ಟಿವಿ ನೋಡಿತು. ಜುನಿಪರ್‌ಗೆ ಒಂದು ಕೆಟ್ಟ ಚಾಳಿ. ಸತ್ತ ಮೇಲೂ ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಚಳಿಯಲ್ಲಿ ಬದುಕಿರುವುದು ಮಾತ್ರ ಕಂದು, ನೇರಳೆ ಬಣ್ಣಕ್ಕೆ ತಿರುಗುತ್ತದೆ. "ನೋಡು, ನಾನು ಸಾಕಿದ್ದು ಹೇಗೆ ನಳನಳಿಸ್ತಿದೆ, ನಿನ್ನವು ಹೇಗೆ ಕಪ್ಪಿಟ್ಟಿವೆ" ಅಂತ ಅಮ್ಮ ಬಂದವರಿಗೆಲ್ಲ ತೋರಿಸಿದಳು. ಯಾವುದು ಸತ್ತಿದೆ, ಯಾವುದು ಬದುಕಿದೆ ಅಂತ ಗೊತ್ತಾಗಿದ್ದು ವಸಂತದಲ್ಲಿ. ಆಗ ಅಮ್ಮ, "ಕಡೇ ದಿನಗಳಲ್ಲಾದರೂ ಬೆಚ್ಚಗಿತ್ತಲ್ಲ, ಬಿಡು" ಅಂದಳು.

ಪಕ್ಕದ ಮನೆಯವರದ್ದು ಬೇರೆ ಥರ. ಎಲೆ ಉದುರಿಸಿ ಬೋಳಾಗಿ ನಿಂತ ಮೇಪಲ್ ನೋಡಿ, "ಒಣಗಿ ಹೋಯ್ತಾ? ಪಾಪ. ಪ್ಲಾಸ್ಟಿಕ್‌ದು ತಗೊಳ್ಳಿ, ಈ ರಗಳೆನೇ ಇರಲ್ಲ" ಅಂದರು. ಬದುಕಿದೆ ಸಾರ್ ಅಂತ ಒಂದು ರೆಂಬೆಯ ತೊಗಟೆಯನ್ನು ಉಗುರಿನಿಂದ ಚೂರೇ ಚೂರು ಕೆರೆದು ತೋರಿಸಿದೆ. ಒಳಗೆ ಎಳೇ ಹಸಿರು. ಅವರಿಗೆ ಭಾರೀ ಖುಷಿಯಾಯಿತು. ಎಷ್ಟು ಖುಷಿ ಅಂದರೆ, ಮಾರನೇ ದಿನ ಹೆಂಡತಿಯನ್ನು ಕರೆತಂದು ಕೆರೆದು ತೋರಿಸಿದರು. ಆಮೇಲೆ ಭಾವಮೈದನನ್ನು. ಚಳಿಗೆ ಬಗ್ಗದ ಮೇಪಲ್ ಇವರ ಉಗುರಿಗೆ ಬಗ್ಗುವ ಹಾಗಿತ್ತು. ಕುಂಡವನ್ನು ಮನೆಯ ಹಿಂದಕ್ಕೆ ಒಯ್ದೆ.

ನಿಜವಾಗಿ ನೋಡಿದರೆ ಚಳಿಗೆ ಹೆದರಬೇಕಾದ್ದು ಕೊಂಬೆಯಲ್ಲ, ಬೇರು. ನೆಲದಲ್ಲಿರುವ ಮರದ ಬೇರನ್ನು ಮಣ್ಣೇ ಕಾಯುತ್ತದೆ. ಬೋನ್ಸಾಯ್ ಕುಂಡದ್ದು ಅಂಗೈ ಆಳದ ಮಣ್ಣು, ಸುತ್ತಲೂ ಚಳಿ. ಅದಕ್ಕೇ ಕುಂಡವನ್ನು ಅಂಚಿನವರೆಗೆ ನೆಲದಲ್ಲಿ ಹೂತು, ಮೇಲೆ ಒಣಗಿದೆಲೆ, ತೊಗಟೆ ಚೂರು ಹರಡಬೇಕು. ಇದನ್ನು ಕತ್ತಲಾಗುವ ಹೊತ್ತಿಗೆ, ಒಬ್ಬನೇ, ಗುದ್ದಲಿ ಹಿಡಿದು ಮಾಡಬಾರದು. ಬೇಲಿಯಾಚೆಯಿಂದ ಟಾರ್ಚ್ ಬಿತ್ತು. "ಏನು ಸಾರ್ ಹೂಳ್ತಿದ್ದೀರಿ?" ಗಿಡ ಅಂದೆ. "ಸತ್ತೇ ಹೋಯ್ತಲ್ಲ, ನಾನು ಅವತ್ತೇ ಹೇಳಿದ್ದೆ."

ಹೂತ ಮೇಲೆ ಹಿಮ ಬಿದ್ದರೆ ಒಳ್ಳೆಯದೇ. ಹಿಮ ಕಂಬಳಿ ಇದ್ದ ಹಾಗೆ, ಕೆಳಗಿನ ಮಣ್ಣು ತೀರಾ ತಣ್ಣಗಾಗಲು ಬಿಡುವುದಿಲ್ಲ. ಕೊಂಬೆ ಮುರಿಯುವಷ್ಟು ಭಾರವಾದರೆ ಮಾತ್ರ ಮೆಲ್ಲಗೆ ಕೊಡವಬೇಕು. ಬೀದಿಯ ಹುಡುಗನೊಬ್ಬ ದಾರಿಯ ಹಿಮ ಎತ್ತಲು ಬಂದವನು, ಕೇಳದೆಯೇ ನನ್ನ ಗಿಡಗಳ ಬುಡವನ್ನೂ ನೀಟಾಗಿ ಗುಡಿಸಿ ಹೋಗಿದ್ದ. ಇವನಿಗೂ ಕನಿಕರ!

ನೀರಿನ ಕಥೆ ಕೇಳಲೇಬೇಡಿ. ಮಣ್ಣು ಚಳಿಗೆ ಹೆಪ್ಪುಗಟ್ಟಿದರೆ ಬೇರು ನೀರು ಎಳೆಯಲಾರದು. ಅತ್ತ ಗಾಳಿ, ಬಿಸಿಲು ಎಲೆಯನ್ನು ಒಣಗಿಸುತ್ತಲೇ ಇರುತ್ತವೆ. ಚಳಿಗಾಲದಲ್ಲಿ ಎಷ್ಟೋ ಗಿಡ ಸಾಯುವುದು ಬಾಯಾರಿಕೆಯಿಂದ. ಅದಕ್ಕೆ ಹೆಪ್ಪುಗಟ್ಟುವ ಮೊದಲೇ ನೀರು ಹಾಕಿರಬೇಕು. ಹಾಗಂತ ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣಿನ ಕುಂಡವಾದರೆ ನೀರು ಹೀರಿಕೊಂಡಿರುತ್ತದೆ. ನೀರು ಮಂಜುಗಡ್ಡೆಯಾದಾಗ ಶೇ. 9ರಷ್ಟು ಹಿಗ್ಗುತ್ತದೆ. ನಡುರಾತ್ರಿ ಟಪ್ ಅಂತ ಸದ್ದು ಬಂದರೆ ಕಳ್ಳ ಅಲ್ಲ, ಕುಂಡ.

ಅಮ್ಮನನ್ನು ಒಪ್ಪಿಸಲು ನನ್ನ ಹತ್ತಿರ ಒಂದು ದೊಡ್ಡ ಅಸ್ತ್ರ ಇತ್ತು. ಹಿರೋಶಿಮಾದ ಯಮಾಕಿ ಪೈನ್. 1625ರಿಂದ ಬೋನ್ಸಾಯ್ ಆಗಿ ಬೆಳೆದ ಮರ. 1945ರಲ್ಲಿ ಅಣುಬಾಂಬ್ ಬಿದ್ದಾಗ ಸುಮಾರು 3 ಕಿಲೋಮೀಟರ್ ದೂರದಲ್ಲಿತ್ತು, ಏನೂ ಆಗಲಿಲ್ಲ. 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋಯಿತು. "ಅಣುಬಾಂಬ್‌ಗೇ ಜಗ್ಗದ ಜಾತಿ ಅಮ್ಮ, ಈ ಚಳಿ ಯಾವ ಲೆಕ್ಕ?" ಅಂದೆ.

ಅಮ್ಮ ಯೋಚನೆ ಮಾಡಿದಳು. "ಒಳಗಿತ್ತೋ, ಹೊರಗಿತ್ತೋ?"

"ಹೊರಗೆ. ಗೋಡೆ ಮರೆಯಲ್ಲಿ."

"ಗೋಡೆ ಇತ್ತಲ್ವಾ! ನಿನ್ನ ಗಿಡಕ್ಕೆ ಎಲ್ಲಿದೆಯೋ ಗೋಡೆ?"

ಗಾಳಿ ತಡೆಯುವ ಗೋಡೆ ಬೋನ್ಸಾಯ್‌ಗೆ ಎಷ್ಟು ಮುಖ್ಯ ಅಂತ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಅಮ್ಮ ಒಂದನ್ನೂ ಓದಿಲ್ಲ. ಹೂತಿದ್ದನ್ನೆಲ್ಲ ಅಗೆದು ಗೋಡೆ ಪಕ್ಕಕ್ಕೆ ಸಾಗಿಸುತ್ತಿದ್ದರೆ ಬೇಲಿಯಾಚೆಯ ಟಾರ್ಚ್ ಮತ್ತೆ ಬಿತ್ತು. "ಈಗ ಹೊರಗೆ ತೆಗೀತಿದ್ದೀರಾ ಸಾರ್?"