ಬೀಟಲ್ಸ್ ಕವರಿಗೆ ಶುಕ್ರವಾರದ ಕುಂಕುಮ

ಹಳೇ ಗ್ರಾಮಫೋನ್ ಪ್ಲೇಟುಗಳ ಹುಚ್ಚು ಹತ್ತಿದವರಿಗೆ ಗೊತ್ತು, ಮನೆಯಲ್ಲಿ ಬೆಲೆ ಹೇಳುವಾಗ ಒಂದು ಸೊನ್ನೆ ನುಂಗಬೇಕು. ನಾನು ತಂದಿದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಬೀಟಲ್ಸ್‌ನ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’, 1967ರ ಬ್ರಿಟಿಷ್ ಅಚ್ಚು, ಅದೂ ಮೋನೋ, ಅಂದರೆ ಎಷ್ಟು ಸ್ಪೀಕರ್ ಇದ್ದರೂ ಎಲ್ಲದರಲ್ಲೂ ಒಂದೇ ಸದ್ದು. ಬ್ಯಾಂಡಿನವರು ಖುದ್ದು ಕೂತು ತಲೆ ಕೆಡಿಸಿಕೊಂಡದ್ದು ಮೋನೋ ಮಿಕ್ಸಿಂಗಿಗೆ, ಸ್ಟೀರಿಯೋನ ಆಮೇಲೆ ಬೇಗ ಬೇಗ ಮುಗಿಸಿದರು ಅಂತ ಹೆಂಡತಿಗೆ ಅರ್ಧ ಗಂಟೆ ವಿವರಿಸಿದೆ. “ಹಾಗಾದ್ರೆ ಒಂದೇ ಸ್ಪೀಕರ್ ಸಾಕಿತ್ತಲ್ಲ, ಎರಡು ಯಾಕೆ ತಂದ್ರಿ?” ಅಂದಳು.

ನಾವಿರುವುದು ಇಂಗ್ಲೆಂಡಿನ ರೆಡಿಂಗ್‌ನಲ್ಲಿ. ಹಾಸನದಿಂದ ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದಳು. ಎಲ್ಲರನ್ನೂ ಕೂರಿಸಿ ಪ್ಲೇಟು ಹಾಕಿದೆ. ಕೊನೆ ಹಾಡಿನ ಕೊನೆಗೆ ಪಿಯಾನೋ ಒಮ್ಮೆ ಧಡ್ ಅನ್ನುತ್ತೆ, ಆ ನಾದ ಕರಗೋಕೆ ನಲವತ್ತು ಸೆಕೆಂಡಿಗೂ ಜಾಸ್ತಿ ಬೇಕು. ನಾನು ಕಣ್ಣು ಮುಚ್ಚಿ ತಲೆದೂಗುತ್ತಿದ್ದೆ. ಮಗಳು ಕಿವಿ ಮುಚ್ಚಿಕೊಂಡು “ಅಪ್ಪಾ, ಏನದು ಕೀ ಅಂತ?” ಅಂದಳು. ನನಗೆ ಏನೂ ಕೇಳಿಸಲಿಲ್ಲ. ನಾಯಿಗಳಿಗೂ ಏನಾದರೂ ಇರಲಿ ಅಂತ ಬೀಟಲ್ಸ್ ಅಲ್ಲಿ 15 ಕಿಲೋಹರ್ಟ್ಸ್‌ನ ಒಂದು ಸದ್ದು ಸೇರಿಸಿದ್ದರು. ಚಿಕ್ಕವರಿಗೆ ಕೇಳಿಸುತ್ತೆ, ವಯಸ್ಸಾದವರಿಗೆ ಇಲ್ಲ. ನನ್ನ ವಯಸ್ಸು ಹೀಗೆ ಬಯಲಾಯಿತು.

ಅಷ್ಟರಲ್ಲಿ ಅರ್ಥವಿಲ್ಲದ ಮಾತು, ನಗು ಶುರು. ಅದನ್ನು ಕೊನೆಯ ಸುತ್ತಿನಲ್ಲೇ ಕೊರೆದಿದ್ದಾರೆ, 1.8 ಸೆಕೆಂಡಿಗೊಮ್ಮೆ ಅದೇ ಅದೇ. ನನ್ನದು ತಾನಾಗಿ ನಿಲ್ಲದ ಪ್ಲೇಯರ್ರು, ಕೈಯಿಂದ ಎತ್ತೋತನಕ ಅದು ನಿಲ್ಲಲ್ಲ. “ಮುಳ್ಳು ಸಿಕ್ಕಿಹಾಕಿಕೊಂಡಿದೆ, ಎತ್ತೋ. ಹಾಳಾದ್ದನ್ನ ನಿನಗೆ ಕಟ್ಟಿದ್ದಾರೆ!” ಅಂದಳು ಅಮ್ಮ. ಬೇಕು ಅಂತಲೇ ಹಾಗೆ ಮಾಡಿರೋದಮ್ಮ ಅಂದರೆ ಯಾರು ನಂಬ್ತಾರೆ?

ನಿಜವಾದ ಅನಾಹುತ ಆಗಿದ್ದು ಶುಕ್ರವಾರ. ಪ್ಲೇಟುಗಳನ್ನು ಬಾಗದಂತೆ ನೆಟ್ಟಗೆ ನಿಲ್ಲಿಸಬೇಕು ಅಂತ ನೆಲದ ಮೇಲೆ ಗೋಡೆಗೆ ಸಾಲಾಗಿ ಇಟ್ಟಿದ್ದೆ. ಆಫೀಸಿನಿಂದ ಬಂದು ನೋಡಿದರೆ ಸಾರ್ಜೆಂಟ್ ಪೆಪ್ಪರ್ ದೇವರ ಗೂಡಿನ ಪಕ್ಕ ಇದ್ದಾನೆ, ಕವರಿನ ಮೇಲೆ ಅರಿಶಿನ, ಕುಂಕುಮ, ಎರಡು ಅಕ್ಷತೆ ಕಾಳು.

“ಲಕ್ಷ್ಮೀನ ನೆಲದ ಮೇಲೆ ಇಟ್ಟಿದ್ದೀಯಲ್ಲೋ!” ಅಂದಳು ಅಮ್ಮ.

ಪೀಟರ್ ಬ್ಲೇಕ್ ಮತ್ತು ಜಾನ್ ಹಾವರ್ತ್ ಮಾಡಿದ ಆ ಕವರಿನಲ್ಲಿ ನಿಜವಾಗಿಯೂ ನಾಲ್ಕು ಕೈಯ ಲಕ್ಷ್ಮಿಯ ಗೊಂಬೆ ಇದೆ. ಪರಮಹಂಸ ಯೋಗಾನಂದರೂ ಅವರ ಗುರುಗಳೂ ಇದ್ದಾರೆ. ಗಾಂಧೀಜಿಯೂ ಇರಬೇಕಿತ್ತು, ಇಂಡಿಯಾದವರಿಗೆ ಬೇಜಾರಾದೀತು ಅಂತ ಪ್ಲೇಟು ಹೊರತಂದ ಇಎಂಐ ಕಂಪನಿಯವರು ಹೆದರಿ ತೆಗೆಸಿದರು. ಲಕ್ಷ್ಮಿ ಬಗ್ಗೆ ಯಾರೂ ಹೆದರಲಿಲ್ಲ. ಪಾಪ, ಅವರಿಗೆ ನಮ್ಮಮ್ಮ ಗೊತ್ತಿರಲಿಲ್ಲ.

ಒದ್ದೆ ಬಟ್ಟೆ ತಗೊಂಡು ಮೆಲ್ಲಗೆ ಉಜ್ಜಿದೆ. ಕವರಿನ ಮೇಲಿನ ಪ್ಲಾಸ್ಟಿಕ್ ಪದರ ಎದ್ದಿದ್ದ ಕಡೆ ಬಣ್ಣ ಒಳಗಿಳಿಯಿತು, ಲಕ್ಷ್ಮಿಗಿದ್ದ ಕುಂಕುಮ ಪಕ್ಕದವರಿಗೂ ಆಯಿತು. ಕವರಿನ ಒಂದೊಂದು ಕಲೆಗೂ ರೇಟು ಇಳಿಯುವ ವ್ಯಾಪಾರ ಇದು. ಎಷ್ಟು ಇಳಿಯಿತು ಅಂತ ಬಾಯಿ ಬಿಟ್ಟರೆ ಎಷ್ಟು ಕೊಟ್ಟಿದ್ದೆ ಅನ್ನೋದೂ ಹೇಳಬೇಕು, ಹಾಗಾಗಿ ಸುಮ್ಮನಾದೆ.

ಅಮ್ಮ ಊರಿಗೆ ಹೋಗಿ ಎಷ್ಟೋ ದಿನವಾಯಿತು. ಶುಕ್ರವಾರ ವಿಡಿಯೋ ಕಾಲ್ ಬಂದರೆ ಈಗಲೂ ಮೊದಲ ಪ್ರಶ್ನೆ ಅದೇ, “ಲಕ್ಷ್ಮಿಗೆ ಹೂವು ಇಟ್ಟೆಯೇನೋ?”

“ಇದೆಯಮ್ಮ” ಅಂತೀನಿ. ಸುಳ್ಳೇನಲ್ಲ. ಕವರಿನಲ್ಲಿ ಬೀಟಲ್ಸ್ ಅಂತ ಬರೆದಿರೋದೇ ಕೆಂಪು ಹೂವಿನಲ್ಲಿ.