ಕಿತ್ತಯ್ಯನ ಹೆಸರು ರಸ್ತೆಯಿಂದ ಕಾಣಬೇಕು

ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿ ಒಂದನೇ ಹೆದ್ದಾರಿ ಹಿಡಿದು ರಿಚ್ಮಂಡಿನಿಂದ ಫ್ರೆಡರಿಕ್ಸ್‌ಬರ್ಗ್ ಕಡೆಗೆ ಹೊರಟರೆ, ಆಯಾ ಜಾಗದ ಇತಿಹಾಸ ಹೇಳುವ, ಕಂಬದ ಮೇಲೆ ಕೂರಿಸಿದ ಬೆಳ್ಳಿ ಬಣ್ಣದ ಫಲಕಗಳು ದಾರಿಯುದ್ದಕ್ಕೂ ಎದುರಾಗುತ್ತವೆ. ಕಪ್ಪು ಅಕ್ಷರ, ಮೇಲೆ ರಾಜ್ಯದ ಮುದ್ರೆ, ಒಂದೊಂದಕ್ಕೂ ಒಂದು ಸಂಖ್ಯೆ. ಜನ ಮೋಟಾರು ಹತ್ತಿ ಊರೂರು ತಿರುಗಲು ಶುರು ಮಾಡಿದ ಕಾಲದಲ್ಲಿ, 1927ರಲ್ಲಿ, ಇದೇ ರಸ್ತೆಯ ಬದಿಯಲ್ಲಿ ಮೊದಲ ಫಲಕಗಳನ್ನು ನೆಟ್ಟರು. ಈಗ ರಾಜ್ಯದಲ್ಲಿ 2,600ಕ್ಕೂ ಹೆಚ್ಚು ಇವೆ. ಇಲ್ಲಿಗೆ ಬಂದ ಹೊಸದರಲ್ಲಿ ಕಂಡ ಕಂಡಲ್ಲಿ ಕಾರು ನಿಲ್ಲಿಸಿ ಓದುತ್ತಿದ್ದೆ. ಈಗಲೂ ನಿಲ್ಲಿಸುತ್ತೇನೆ.

ಓದುತ್ತಾ ಹೋದಂತೆ ಒಂದು ಕೊರತೆ ಮನಸ್ಸಿಗೆ ಬಂತು. ಇಂಥ ದಳ ಇಲ್ಲಿ ಹೊಳೆ ದಾಟಿತು, ಇಂಥ ಜನರಲ್ ಇಲ್ಲಿ ಬಿಡಾರ ಹೂಡಿದ ಎಂದು ಎಲ್ಲೆಲ್ಲೂ ದಂಡನಾಯಕರದೇ ಹೆಸರು. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ, 1863ರ ಮೇ 2ರ ರಾತ್ರಿ ಚಾನ್ಸಲರ್ಸ್‌ವಿಲ್ ಕಾಳಗದಲ್ಲಿ ದಕ್ಷಿಣದ ಸೇನಾಪತಿ ಸ್ಟೋನ್‌ವಾಲ್ ಜಾಕ್ಸನ್ ಕತ್ತಲಲ್ಲಿ ತನ್ನ ಕಡೆಯವರದೇ ಗುಂಡಿಗೆ ಸಿಕ್ಕ. ವೈದ್ಯರು ಕತ್ತರಿಸಿ ತೆಗೆದ ಅವನ ಎಡಗೈಯನ್ನು ಎಲ್‌ವುಡ್ ಎಂಬಲ್ಲಿ ಹೂಳಿದರು. ಆ ಕೈಗೂ ಒಂದು ಕಲ್ಲಿದೆ. ಅಲ್ಲಿಂದ ಸ್ವಲ್ಪವೇ ದೂರದಲ್ಲಿ ಫ್ರೆಡರಿಕ್ಸ್‌ಬರ್ಗಿನ ಸೈನಿಕರ ಸ್ಮಶಾನ. ಉತ್ತರದ ಪಡೆಯ 15,000ಕ್ಕೂ ಹೆಚ್ಚು ಜನ ಅಲ್ಲಿ ಮಲಗಿದ್ದಾರೆ. ಹೆಸರು ಗೊತ್ತಿರುವುದು ಸುಮಾರು 2,500 ಜನರದು ಮಾತ್ರ. ಉಳಿದವರ ತಲೆಯ ಬಳಿ ಗೇಣುದ್ದದ ಚೌಕ ಕಲ್ಲು, ಅದರ ಮೇಲೆ ಎರಡು ಅಂಕಿ: ಮೇಲಿನದು ಗುಂಡಿಯ ಸಂಖ್ಯೆ, ಕೆಳಗಿನದು ಆ ಗುಂಡಿಯಲ್ಲಿ ಎಷ್ಟು ಹೆಣ ಎಂಬ ಲೆಕ್ಕ. ಮೊದಲ ಸಲ ಅದರ ಅರ್ಥ ತಿಳಿದಾಗ ಅಲ್ಲಿಯೇ ಹುಲ್ಲಿನ ಮೇಲೆ ಕುಳಿತುಬಿಟ್ಟೆ.

ಆಗ ನೆನಪಾದದ್ದು ನಮ್ಮ ವೀರಗಲ್ಲುಗಳು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ಅದೇ ಮನುಷ್ಯ, ತುದಿಯಲ್ಲಿ ಸೂರ್ಯಚಂದ್ರರು. ಅವರಲ್ಲಿ ಎಷ್ಟೋ ಜನ ದೊರೆಗಳಲ್ಲ, ದಂಡನಾಯಕರೂ ಅಲ್ಲ. ತುರುಗೋಳಿನಲ್ಲಿ, ಅಂದರೆ ದನ ಹೊಡೆದುಕೊಂಡು ಹೋಗುವ ದಾಳಿಯಲ್ಲಿ, ಊರ ದನ ಬಿಡಿಸಲು ಹೋದವನು, ಊರಳಿವಿನಲ್ಲಿ, ಅಂದರೆ ಊರನ್ನೇ ಹಾಳುಮಾಡಲು ಬಂದ ದಾಳಿಯಲ್ಲಿ, ಬಾಗಿಲಿಗೆ ಅಡ್ಡ ನಿಂತವನು. ಅಕ್ಷರವಿದ್ದ ಕಲ್ಲಿನಲ್ಲಿ ಅವನ ಹೆಸರು, ಅಪ್ಪನ ಹೆಸರು, ಎಷ್ಟೋ ಕಡೆ ಮನೆಯವರಿಗೆ ಬಿಟ್ಟ ನೆತ್ತರುಕೊಡಗೆಯ ಹೊಲದ ವಿವರವೂ ಸಿಗುತ್ತದೆ. ನೆತ್ತರಿಗೆ ಕೊಟ್ಟ ಭೂಮಿ. ಆ ಪದ ಒಂದೇ ಸಾಕು, ಸತ್ತವನ ಹಿಂದೆ ಒಂದು ಸಂಸಾರ ಇತ್ತು ಎಂಬುದನ್ನು ಆ ಊರು ಮರೆತಿರಲಿಲ್ಲ ಎಂದು ತಿಳಿಯಲು.

ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲನ್ನೇ ನೋಡಿ. ಸುಮಾರು 950ರದು. ತಕ್ಕೋಲದ ಕಾಳಗದಲ್ಲಿ ಚೋಳರ ರಾಜಾದಿತ್ಯ ಸತ್ತದ್ದು, ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಗೆದ್ದದ್ದು, ಗಂಗರ ಬೂತುಗನ ಪಾತ್ರ, ಎಲ್ಲವೂ ಅದರಲ್ಲಿದೆ. ಆದರೆ ಕಲ್ಲು ನೆಟ್ಟದ್ದು ಅವರಿಗಲ್ಲ. ಬೂತುಗನ ಭಟ ಮಣಲೆರ ಬಹುಮಾನವಾಗಿ ಕೇಳಿ ಪಡೆದ ಕಾಳಿ ಎಂಬ ಬೇಟೆನಾಯಿಗೆ! ಅದು ಕಾಡುಹಂದಿಯೊಡನೆ ಕಾದಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಆ ಕಲ್ಲನ್ನು ಪೂಜಿಸದೆ ಗುಡಿಯ ಗೊರವ, ಅಂದರೆ ಶೈವ ಪೂಜಾರಿ, ಊಟ ಮಾಡಬಾರದು ಎಂಬ ಕಟ್ಟಳೆಯೂ ಅದರಲ್ಲೇ ಇದೆ. ನೆಟ್ಟು ಕೈತೊಳೆದುಕೊಂಡವರಲ್ಲ ನಮ್ಮ ಹಿರಿಯರು, ನೋಡಿಕೊಳ್ಳುವವನನ್ನೂ ಗೊತ್ತುಮಾಡಿದ್ದರು.

ಇಷ್ಟೆಲ್ಲ ಇದ್ದೂ, ರಜೆಗೆ ಕರ್ನಾಟಕಕ್ಕೆ ಬಂದಾಗ ನಾನು ನೋಡುವುದು ಬೇರೆ. ರಸ್ತೆ ಎತ್ತರಿಸಿದ ಮೇಲೆ ಎದೆಮಟ್ಟ ಹೂತುಹೋದ ಕಲ್ಲು, ಬಚ್ಚಲ ಪಕ್ಕ ಬಟ್ಟೆ ಒಗೆಯಲು ಹಾಸಿದ ಕಲ್ಲು. ಕೆಲವಕ್ಕೆ ಎಣ್ಣೆ, ಅರಿಸಿನ, ಕುಂಕುಮ ಸಿಗುತ್ತದೆ, ಅದು ನನಗೆ ಸಂತೋಷವೇ. ಆದರೆ ಪೂಜೆ ಮಾಡುವವರಿಗೂ ಅದರಲ್ಲಿ ಯಾರಿದ್ದಾನೆ ಎಂದು ಗೊತ್ತಿರುವುದಿಲ್ಲ. ಹಳಗನ್ನಡದ ಲಿಪಿ ಓದಿ ಹೇಳುವವರು ಹತ್ತಿರ ಯಾರಿದ್ದಾರೆ? ಬೆಂಗಳೂರು ಕೋಟೆಯ ಗೋಡೆಯ ಮೇಲಿನ ಅಮೃತಶಿಲೆಯ ಫಲಕವನ್ನು ಮಾತ್ರ ಇಂಗ್ಲಿಷ್ ಬಲ್ಲ ಯಾರಾದರೂ ಓದಬಹುದು. 1791ರ ಮಾರ್ಚ್ 21ರಂದು ಬ್ರಿಟಿಷರು ಯಾವ ಬಿರುಕಿನಿಂದ ಒಳನುಗ್ಗಿದರು ಎಂದು ಅದು ಹೇಳುತ್ತದೆ. ಒಳಗಿದ್ದು ಸತ್ತವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ.

ವರ್ಜೀನಿಯಾದ ಫಲಕಗಳಿಂದ ನಾವು ಕಲಿಯಬೇಕಾದದ್ದು ಲೋಹವನ್ನಲ್ಲ, ಕ್ರಮವನ್ನು. ಅಲ್ಲಿ ಯಾರು ಬೇಕಾದರೂ ಫಲಕ ಕೇಳಿ ಅರ್ಜಿ ಹಾಕಬಹುದು. ಆಧಾರ ಒದಗಿಸಬೇಕು, ಮಾಡಿಸುವ ಖರ್ಚನ್ನೂ ಅರ್ಜಿ ಹಾಕಿದವರೇ ಹೊರಬೇಕು. ರಾಜ್ಯದ ಇತಿಹಾಸ ಇಲಾಖೆ ಒಂದೊಂದು ಸಾಲನ್ನೂ ತಿದ್ದಿ ಒಪ್ಪುತ್ತದೆ. ಹಳೆಯ ಬರಹ ತಪ್ಪಿದ್ದರೆ ಹೊಸದು ಬರುತ್ತದೆ. ದಶಕಗಳ ಕಾಲ ಬಿಟ್ಟುಹೋಗಿದ್ದ ಕಪ್ಪು ಸೈನಿಕರ ಕಥೆ ಈಚೆಗೆ ಫಲಕಗಳಿಗೆ ಬಂದದ್ದು ಹೀಗೆಯೇ. 1864ರ ಸೆಪ್ಟೆಂಬರಿನಲ್ಲಿ ನ್ಯೂ ಮಾರ್ಕೆಟ್ ಹೈಟ್ಸ್‌ನ ಒಂದೇ ಕಾಳಗದಲ್ಲಿ ಹದಿನಾಲ್ಕು ಕಪ್ಪು ಸೈನಿಕರು ಅಮೆರಿಕದ ಅತ್ಯುನ್ನತ ಸೇನಾ ಪದಕ ಮೆಡಲ್ ಆಫ್ ಆನರ್ ಗಳಿಸಿದ್ದರು.

ನಮಗೆ ಆಧಾರ ಹುಡುಕುವ ಕಷ್ಟವೂ ಹೆಚ್ಚಿಲ್ಲ. ಸಾವಿರಾರು ಶಾಸನಗಳ ಪಾಠ ಎಪಿಗ್ರಾಫಿಯಾ ಕರ್ನಾಟಿಕಾದ ಸಂಪುಟಗಳಲ್ಲಿ ನೂರು ವರ್ಷಕ್ಕೂ ಹಿಂದೆಯೇ ಅಚ್ಚಾಗಿದೆ. ಬೆಂಗಳೂರಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು ಆ ನಗರದ ಸುತ್ತಲಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. 2018ರಲ್ಲಿ ಹೆಬ್ಬಾಳದಲ್ಲಿ ಚರಂಡಿ ಅಗೆಯುವಾಗ ಕಿತ್ತಯ್ಯನ ವೀರಗಲ್ಲು ಸಿಕ್ಕಾಗ, ಅದನ್ನು ಉಳಿಸಲು ಓಡಿ ಬಂದವರು ಅಲ್ಲಿಯ ಜನರೇ. ಆ ಪ್ರೀತಿ ಇರುವಾಗ ಒಂದು ಕಂಬ, ಒಂದು ಫಲಕ, ಇಂದಿನ ಕನ್ನಡದ ನಾಲ್ಕು ಸಾಲು ಯಾಕೆ ಆಗಬಾರದು? ಬಸ್ಸಿನ ಕಿಟಕಿಯಲ್ಲಿ ಕುಳಿತ ಶಾಲೆಯ ಹುಡುಗಿಗೂ ಓದಲು ಬರುವಂತೆ ದೊಡ್ಡ ಅಕ್ಷರದಲ್ಲಿ. ಅಕ್ಷರವಿಲ್ಲದ ಕಲ್ಲುಗಳ ಮುಂದೆಯೂ ಇರಲಿ: ಈತನ ಹೆಸರು ಉಳಿದಿಲ್ಲ, ದನ ಬಿಡಿಸಲು ಹೋಗಿ ಸತ್ತನೆಂದು ಚಿತ್ರ ಹೇಳುತ್ತದೆ, ಎಂದು.

ಹೆಬ್ಬಾಳದ್ದನ್ನು ನಾನು ಬರೆದಿಟ್ಟುಕೊಂಡಿದ್ದೇನೆ, ತಿಳಿದವರು ತಿದ್ದಲಿ:

“ಗಂಗರ ದೊರೆ ಶ್ರೀಪುರುಷನ ಕಾಲ, ಸುಮಾರು 750. ಹೆಬ್ಬಾಳದ ಸುತ್ತಿನ ಸೀಮೆಯಾದ ಪೆರ್ಬೊಳಲುನಾಡಿನ ಮೇಲೆ ದಾಳಿ ಬಂದಾಗ ಕಿತ್ತಯ್ಯ ಕಾದಾಡಿ ಸತ್ತ. ಇದು ಅವನ ಕಲ್ಲು.”